ಮಲಗಿದರೂ ಕೇಳುವ ಲ್ಯಾಪ್‌ಟಾಪ್

ಮುಚ್ಚಳ ಮುಚ್ಚಿದ ಲ್ಯಾಪ್‌ಟಾಪಿನ ಅಂಚಿನಲ್ಲಿ ಹಸಿರು ದೀಪ ಆರದೆ ಉರಿಯುತ್ತಿತ್ತು. ವಿಜ್ಞಾನಿ ತಿಪ್ಪೇಶಪ್ಪನವರಿಗೆ ಅದನ್ನು ನೋಡಿದಷ್ಟೂ ಸಾಲದು.

"ನೋಡಕ್ಕ, ನನ್ನ ನಿದ್ರಾಸೇತು! ಇನ್ನು ಇದು ಮಲಗಿ ಎದ್ರೂ ಸಂಪರ್ಕ ತಪ್ಪಲ್ಲ."

"ಮಲಗೋದಂತೆ, ಏಳೋದಂತೆ. ಇದೇನು ಲ್ಯಾಪ್‌ಟಾಪೋ, ನಿಮ್ಮ ಭಾವನೋ?" ಎಂದರು ಅಕ್ಕ ಚನ್ನಬಸಮ್ಮ.

ತಿಪ್ಪೇಶಪ್ಪ ವಿವರಿಸಿದರು. ಲ್ಯಾಪ್‌ಟಾಪ್ ನಿದ್ರೆಗೆ ಜಾರುವಾಗ ವಿದ್ಯುತ್ ಉಳಿಸಲೆಂದು ಸಂಪರ್ಕ ಹಿಡಿಯುವ ತನ್ನ ನಿಸ್ತಂತು ಗ್ರಾಹಕವನ್ನೂ ಆರಿಸುತ್ತದೆ. ಎದ್ದ ಮೇಲೆ ಅದನ್ನು ಹಚ್ಚಲು ಮರೆಯುತ್ತದೆ. ಮನುಷ್ಯ ಚಂದ್ರನ ಮೇಲೆ ಮನೆ ಕಟ್ಟಿದರೂ ಈ ಮರೆವಿಗೆ ಮದ್ದು ಸಿಕ್ಕಿರಲಿಲ್ಲ. ನಿದ್ರಾಸೇತು ಆ ಗ್ರಾಹಕಕ್ಕೆ ಚೂರುಚೂರೇ ವಿದ್ಯುತ್ ಉಣಿಸುತ್ತಿರುತ್ತದೆ. ಬಾಣಂತಿಯ ನಿದ್ದೆಯ ಹಾಗೆ, ಮೈ ಮಲಗಿದ್ದರೂ ಕಿವಿ ಎಚ್ಚರ.

ಇದರ ಹಿಂದೆ ಒಬ್ಬ ತಂದೆಯ ಸಂಕಟವಿತ್ತು. ಹೆಣ್ಣು ನೋಡುವ ಶಾಸ್ತ್ರ ಲ್ಯಾಪ್‌ಟಾಪಿಗೆ ಬಂದು ತಲೆಮಾರು ಕಳೆದರೂ, ನಡುವೆ ಒಳಗೆ ಹೋಗಿ ಗುಟ್ಟಾಗಿ ಮಾತಾಡಿಕೊಳ್ಳುವ ಪದ್ಧತಿ ಹೋಗಿರಲಿಲ್ಲ. ಒಳಗೆ ಹೋಗುವ ಬದಲು ಮುಚ್ಚಳ ಮುಚ್ಚುತ್ತಿದ್ದರು. ಮತ್ತೆ ತೆರೆದರೆ ಸಂಪರ್ಕ ಮಾಯ! 'ಮುಖಕ್ಕೆ ಬಾಗಿಲು ಹಾಕಿದರು' ಎಂದು ಗಂಡಿನ ಕಡೆಯವರು ಮುನಿದು, ಮಗಳು ನೀಲಾಳಿಗೆ ಬಂದ ಸಂಬಂಧಗಳು ಹೀಗೇ ತಪ್ಪಿದ್ದವು. ಆದ್ದರಿಂದ ಈ ಸಲ ತಿಪ್ಪೇಶಪ್ಪ ಗಂಡಿನ ಮನೆಗೂ ಒಂದು ನಿದ್ರಾಸೇತು ಮೊದಲೇ ಕಳುಹಿಸಿದ್ದರು.

ಚಂದ್ರನಿಂದ ಗುರುಸಿದ್ಧನ ಮನೆಯವರು ಪರದೆಗೆ ಬಂದರು. ಹುಡುಗ ಅಲ್ಲಿನ ಹಿಮದ ಗಣಿಯಲ್ಲಿ ಎಂಜಿನಿಯರ್. ಅವನ ಸಂಕೋಚದ ನಗು ನೀಲಾಳಿಗೆ ಹಿಡಿಸಿತು.

"ನಮ್ಮ ಹುಡುಗಿಗೆ ಚಂದ್ರ ಅಂದ್ರೆ ಪ್ರಾಣ," ಎಂದರು ಚನ್ನಬಸಮ್ಮ.

"ನಮ್ಮ ಹುಡುಗನೂ ಅಷ್ಟೇ, ಇಲ್ಲಿಂದ ಕದಲಲ್ಲ," ಎಂದರು ಹುಡುಗನ ತಾಯಿ ಗಿರಿಜಮ್ಮ.

ಎರಡೂ ಕಡೆಯವರು 'ಒಂದು ನಿಮಿಷ' ಎಂದು ಮುಚ್ಚಳ ಮುಚ್ಚಿದರು.

"ಯಾಕತ್ತೆ ಸುಳ್ಳು ಹೇಳಿದ್ರಿ?" ನೀಲಾ ಸಿಡಿದಳು. "ನಂಗೆ ಬಸ್ಸಲ್ಲಿ ಕೂತ್ರೇ ವಾಂತಿ. ಚಂದ್ರನಿಗೆ ನಾನು ಹೋಗೋಳಲ್ಲ. ಹುಡುಗ ಇಷ್ಟ ಆಗಿದಾನೆ, ಅದಕ್ಕೇ ಅಳು ಬರ್ತಿದೆ."

"ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂದಿದಾರೆ, ಸುಮ್ನಿರೇ. ಆ ತಾಯಿಗೆ ಮೂಗಿನ ತುದೀಲೇ ಕೋಪ. ಮೊದ್ಲು ತಾಳಿ ಬೀಳಲಿ."

ಮುಚ್ಚಿದ ಲ್ಯಾಪ್‌ಟಾಪಿನಿಂದ ಗಿರಿಜಮ್ಮನ ದನಿ ಬಂತು: "ಹುಡುಗಿ ಲಕ್ಷಣವಾಗಿದಾಳೆ. ಆ ಸೋದರತ್ತೆ ಮಾತ್ರ ಶುದ್ಧ ಬಾಯಿಬಡುಕಿ."

"ಅದಿರ್ಲಮ್ಮ," ಎಂದಿತು ಗುರುಸಿದ್ಧನ ದನಿ. "ನಾನು ಕೆಲಸ ಬಿಟ್ಟು ಭೂಮಿಗೆ ಹೋಗೋನು ಅಂತ ಯಾಕೆ ಹೇಳ್ಲಿಲ್ಲ? ಇಲ್ಲಿ ನಂಗೆ ಉಸಿರು ಕಟ್ಟುತ್ತೆ."

ಚಂದ್ರನಿಗೆ ಮಾತು ಮುಟ್ಟಲು ತುಸು ತಡವಾಗುತ್ತದೆ. ಮುಟ್ಟಿದ ಮೇಲೆ ಆ ಕಡೆಯವರಿಗೂ ಇಲ್ಲಿನ ಗುಟ್ಟೆಲ್ಲ ಕೇಳಿಸಿತ್ತು. ನೀಲಾ ಮುಚ್ಚಳ ತೆರೆದಳು. ಗುರುಸಿದ್ಧನೂ ತೆರೆದಿದ್ದ.

"ಬಸ್ಸಲ್ಲಿ ವಾಂತಿನಾ? ಕಿಟಕಿ ಪಕ್ಕದ ಸೀಟು ನಿಮಗೇ ಬಿಡ್ತೀನಿ," ಎಂದ. ಸುಳ್ಳು ಹೇಳಿದ್ದ ಹಿರಿಯರಿಬ್ಬರೂ ಸೂರು ನೋಡುತ್ತ ಕುಳಿತರು.

ನಿದ್ರಾಸೇತು ಮನೆಮನೆಗೂ ಹೋಯಿತು. ಆದರೆ ನಿಜ ಕೇಳಿ ಮುಚ್ಚಳ ತೆರೆಯುವ ನೀಲಾ ಎಲ್ಲ ಮನೆಯಲ್ಲೂ ಇರಲಿಲ್ಲ. ಸುಳ್ಳು ಪೋಣಿಸುವ ಚನ್ನಬಸಮ್ಮ ಮಾತ್ರ ಇದ್ದರು. ಕೂಡಿಬಂದ ಸಂಬಂಧಗಳು ಪಟಪಟನೆ ಮುರಿದವು. ಕಲ್ಯಾಣ ಮಂಟಪಗಳ ಮಾಲೀಕರು ವಿಜ್ಞಾನಿಯ ಮನೆಮುಂದೆ ಧರಣಿ ಕೂತರು. ತಿಪ್ಪೇಶಪ್ಪ ಮತ್ತೆ ಪ್ರಯೋಗಾಲಯ ಹೊಕ್ಕು 'ನಿದ್ರಾಕವಚ' ಕಂಡುಹಿಡಿದರು: ಲ್ಯಾಪ್‌ಟಾಪ್ ಮಲಗಿದೊಡನೆ ಸಂಪರ್ಕವನ್ನು ಕಡಿದುಹಾಕುವ ಸಾಧನ! ಅದಕ್ಕೆ ಪ್ರಶಸ್ತಿಯೂ ಬಂತು. ಹಳೆಯ ಲ್ಯಾಪ್‌ಟಾಪುಗಳು ಇದನ್ನೇ ಬಿಟ್ಟಿಯಾಗಿ ಮಾಡುತ್ತಿದ್ದವೆಂಬುದು ಯಾರಿಗೂ ನೆನಪಾಗಲಿಲ್ಲ.

ನೀಲಾಳ ಮದುವೆಯಲ್ಲಿ ಚನ್ನಬಸಮ್ಮ ಮುಯ್ಯಿಗೆ ನಿದ್ರಾಕವಚವನ್ನೇ ಕೊಟ್ಟು, ಮದುಮಗಳ ಕಿವಿಯಲ್ಲಿ ಪಿಸುಗುಟ್ಟಿದರು: "ಚಂದ್ರನಲ್ಲಿರೋ ನಿಮ್ಮತ್ತೆ ಹತ್ರ ಮಾತಾಡುವಾಗ ಮರೀದೆ ಹಾಕ್ಕೋ ಕಣೇ."

ಬೆನ್ನ ಹಿಂದೆ ಯಾರೋ ಕೆಮ್ಮಿದರು. ಮದುವೆಗೆಂದು ಚಂದ್ರನಿಂದ ಇಳಿದು ಬಂದಿದ್ದ ಗಿರಿಜಮ್ಮ! ಕೈಯಲ್ಲಿ ಅಂಥದೇ ಪೊಟ್ಟಣ.

"ನಾನೂ ಮಗನಿಗೆ ಅಂತ ಇದನ್ನೇ ತಂದೆ," ಎಂದರು. "ಒಂದು ಮನೆಗೆ ಒಂದು ಸಾಕು. ಇದು ನಿಮಗಿರ್ಲಿ ತಗೊಳ್ಳಿ."