ಕಳ್ಳ ಬಿಟ್ಟುಹೋದ ಸೀಸ

೧೯೮೨ರ ಏಪ್ರಿಲ್ ೧೭, ಶನಿವಾರ. ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಜಯನಗರ ಠಾಣೆಗೆ ಬಂದ ದೂರನ್ನು ಹೇಗೆ ಬರೆದುಕೊಳ್ಳಬೇಕೋ ದಫೇದಾರ ಉಗ್ರಪ್ಪನಿಗೆ ತಿಳಿಯಲಿಲ್ಲ. ಇಪ್ಪತ್ತೆರಡು ವರ್ಷದ ಸರ್ವಿಸ್‌ನಲ್ಲಿ ಸೈಕಲ್ಲು, ಹಂಡೆ, ಕೋಳಿ, ಒಮ್ಮೆ ಮದುವೆ ಮನೆಯ ಬಾಳೆಗೊನೆ ಕಳುವಾದದ್ದನ್ನೂ ಬರೆದಿದ್ದ. ನೀರಿನೊಳಗೆ ಉಸಿರಾಡುವ ಯಂತ್ರವನ್ನು ಬರೆದಿರಲಿಲ್ಲ.

ದೂರುದಾರರು ಸೇತುರಾಮ, ನಾಲ್ಕನೇ ಬ್ಲಾಕಿನವರು, ಅರವತ್ತೊಂದು ವಯಸ್ಸು, ರಿಟೈರಾದ ಇಂಜಿನಿಯರ್.

"ಎಷ್ಟು ದೊಡ್ಡದು ಸಾರ್?"

"ಬೆನ್ನಿಗೆ ಕಟ್ಕೊಳ್ಳೋ ಅಷ್ಟು. ಒಂದು ಗಾಳಿ ಸಿಲಿಂಡರ್, ಬಾಯಿಗೊಂದು ಕೊಳವೆ, ಮುಖಕ್ಕೆ ಗಾಜು, ಸೊಂಟಕ್ಕೆ ಸೀಸದ ಪಟ್ಟಿ. ಫಾರಿನ್ನಿನದು ಹಾಕ್ಕೊಳ್ಳೋಕೇ ಅರ್ಧ ಗಂಟೆ ಬೇಕು. ನಾಲ್ಕು ವರ್ಷ ಕೂತು ಬೇಡದ್ದನ್ನೆಲ್ಲ ಒಂದೊಂದೇ ಕಿತ್ತುಹಾಕಿದೀನಿ. ರಜೆಗೆ ಕಾರವಾರಕ್ಕೆ ಹೋದ ಗುಮಾಸ್ತನೂ ಹತ್ತು ನಿಮಿಷ ನೀರಡಿ ಮೀನು ನೋಡಿ ಬರ್ಬೇಕು ಅನ್ನೋದು ನನ್ನಾಸೆ."

"ಗುಮಾಸ್ತನಿಗೆ ರಜೆ ಕೊಡೋರು ಯಾರು ಸಾರ್."

ಸೇತುರಾಮರು ನಗಲಿಲ್ಲ. ರಾತ್ರಿಯೆಲ್ಲ ಇತ್ತು, ಬೆಳಿಗ್ಗೆ ಏಳಕ್ಕೆ ವಾಕಿಂಗ್ ಹೋಗಿ ಎಂಟಕ್ಕೆ ಬಂದಾಗ ಇರಲಿಲ್ಲ ಎಂದರು. ಎಫ್‌ಐಆರ್ ನಂಬರ್ ೮೬/೮೨, ಕಲಂ ೩೮೦.

ಹತ್ತು ಗಂಟೆಗೆ ಇನ್ಸ್‌ಪೆಕ್ಟರ್ ರಾಮಪ್ರಸಾದ್ ಉಗ್ರಪ್ಪನನ್ನು ಕರೆದುಕೊಂಡು ಸ್ಥಳಕ್ಕೆ ಹೋದರು. ಹಿತ್ತಲಲ್ಲಿ ಶೀಟಿನ ಷೆಡ್ಡು, ಪಕ್ಕದಲ್ಲಿ ಹಳೆಯ ಬಾವಿ. ಬೀಗ ಒಡೆದಿರಲಿಲ್ಲ. ಬೀಗದಕೈ ಯಾವಾಗಲೂ ತೂಗುವ ಮೊಳೆಯಲ್ಲೇ ಮತ್ತೆ ತೂಗುತ್ತಿತ್ತು. ಬೆಂಚಿನ ಮೇಲೆ ಸೀಸದ ಪಟ್ಟಿಯೊಂದೇ ಉಳಿದಿತ್ತು, ಮಡಿಸಿಟ್ಟ ಪಂಚೆಯ ಹಾಗೆ.

"ಕಾಲೇಜು ಹುಡುಗರ ಕಿತಾಪತಿ ಇರ್ಬೇಕು, ಏನಂತೀರಿ ಉಗ್ರಪ್ಪ?"

ಉಗ್ರಪ್ಪ ಪಟ್ಟಿಯನ್ನು ಎತ್ತಿ ನೋಡಿದ. ಐದು ಕೇಜಿಯಾದರೂ ಇತ್ತು.

"ಇದು ಯಾತಕ್ಕೆ ಸಾರ್?"

"ಮುಳುಗೋದಕ್ಕೆ," ಎಂದರು ಸೇತುರಾಮರು. "ಭಾರ ಇಲ್ದಿದ್ರೆ ಮನುಷ್ಯ ತೇಲ್ತಾನೆ."

"ಗುಜರಿಗೆ ಹಾಕೋ ಕಳ್ಳ ಮೊದಲು ಇದನ್ನೇ ಎತ್ತೋನು," ಉಗ್ರಪ್ಪ ಸಾಹೇಬರ ಕಡೆ ತಿರುಗಿದ. "ಹುಡುಗರಾಗಿದ್ರೆ ಎಲ್ಲಾನೂ ಹೊತ್ಕೊಂಡು ಹೋಗೋರು. ತಗೊಂಡೋನು ನೀರಿಗಿಳಿಯೋನು ಸಾರ್. ಆದ್ರೆ ಮುಳುಗೋಕೆ ಅವನಿಗೆ ಸೀಸ ಬೇಡ."

ಹಾಗೆನ್ನುವಾಗಲೇ ಅವನಿಗೆ ತನ್ನ ಹಳೆಯ ಬೀದಿ ಕಣ್ಣಿಗೆ ಕಟ್ಟಿತು. ಮನೆಮನೆಗೂ ಬಾವಿಯಿದ್ದ ಕಾಲ. ಹಗ್ಗ ಜಾರಿ ಕೊಡ ಬಿದ್ದರೆ ಹೆಂಗಸರು ಪಾತಾಳಗರಡಿ ಇಳಿಬಿಟ್ಟು ಕೊಂಡಿಗೆ ಸಿಕ್ಕೀತೇ ಎಂದು ಜಾಲಾಡುವರು. ಅದಕ್ಕೂ ಸಿಗದಿದ್ದರೆ ಬೀದಿ ಕಡೆ ಕಿವಿಯಿಟ್ಟು ಕಾಯುವರು. "ಬಾವೀಗ್ ಬಿದ್ದಿದ್ ತೆಗೀತೀವೀ" ಎಂದು ಕೂಗುತ್ತ ಪಿಳ್ಳಪ್ಪ ಎಂಬೊಬ್ಬ ಬರುತ್ತಿದ್ದ. ಸೊಂಟಕ್ಕೆ ಹಗ್ಗ ಕಟ್ಟಿ, ಒಂದು ಗುಂಡುಕಲ್ಲನ್ನು ಮಗುವಿನಂತೆ ಎದೆಗವಚಿಕೊಂಡು ಇಳಿದರೆ ನೇರ ತಳಕ್ಕೆ. ಕೆಲಸ ಮುಗಿದ ಮೇಲೆ ಕಲ್ಲನ್ನು ಅಲ್ಲೇ ಬಿಟ್ಟು ಮೇಲೆ ಬರುತ್ತಿದ್ದ. ಉಗ್ರಪ್ಪನ ತಾಯಿಯ ಬೆಳ್ಳಿ ಲೋಟವನ್ನೂ ಹಾಗೆಯೇ ತೆಗೆದುಕೊಟ್ಟಿದ್ದ.

"ಪಿಳ್ಳಪ್ಪ ನಿಮ್ಮನೆಗೆ ಬರ್ತಿದ್ನಾ ಸಾರ್?"

"ನಮ್ಮ ಬಾವೀಲಿ ಪರೀಕ್ಷೆ ಮಾಡುವಾಗ ಹಗ್ಗ ಹಿಡೀತಿದ್ದೋನೇ ಅವನು. ಅವನು ಕದೀತಾನೇನ್ರೀ? ನನ್ನ ಹೆಂಡ್ತಿ ಸರಸ್ವತಿ ಮೂಗುಬೊಟ್ಟು ಬಿದ್ದಾಗ ಕೆಸರು ಸೋಸಿ ತೆಗೆದುಕೊಟ್ಟೋನು."

"ಈ ಪಟ್ಟಿ ನೋಡಿ ಏನಾದ್ರೂ ಅಂದಿದ್ನಾ?"

ಸೇತುರಾಮರ ಮುಖ ಇಳಿಯಿತು. "'ಇದ್ಯಾಕ್ ಬುದ್ಧಿ, ಕಲ್ಲಿಗೇನು ಬರವಾ' ಅಂದಿದ್ದ. ನಾನು ಗದರಿದ್ದೆ. ಹೋದ ವಾರ ಬಂದು ಒಂದು ದಿನದ ಮಟ್ಟಿಗೆ ಯಂತ್ರ ಕೊಡಿ ಅಂದ. ಕೆಲಸ ಪೂರ್ತಿ ಮುಗೀಲಿ, ಆಮೇಲೆ ಬಾ ಅಂದೆ."

"ಹಾಕ್ಕೊಳ್ಳೋಕೆ ಬರುತ್ತಾ ಅವನಿಗೆ?"

"ಯಾರಿಗಾದ್ರೂ ಬರುತ್ತೆ. ಅದಕ್ಕೇ ತಾನೇ ಇಷ್ಟು ಸುಲಭ..." ಮಾತು ಅಲ್ಲೇ ನಿಂತಿತು. ಅವರು ಬೆಂಚನ್ನು ಹಿಡಿದುಕೊಂಡರು. "ಅವನು ಉಸಿರು ಕಟ್ತಾನೆ ಕಣ್ರೀ."

"ಅವನ ಕಸುಬೇ ಅದಲ್ವಾ ಸಾರ್."

"ಅದೇ ಕೆಟ್ಟದ್ದು. ಇದರ ಗಾಳಿ ಆಳದಲ್ಲಿ ಒತ್ತಿಕೊಂಡು ಎದೆಗೆ ಹೋಗಿರುತ್ತೆ. ಮೇಲೆ ಬರ್ತಾ ಬರ್ತಾ ಹಿಗ್ಗುತ್ತೆ. ಉಸಿರು ಬಿಡ್ತಾ ಬರ್ಬೇಕು. ಕಟ್ಟಿ ಹಿಡಿದು ಬಂದ್ರೆ ಎದೆ ಒಡೆದುಹೋಗುತ್ತೆ. ಅದೊಂದನ್ನ ಅವನಿಗೆ ಹೇಳೇ ಇಲ್ಲ ನಾನು."

ಪಂಚನಾಮೆಯನ್ನು ಅರ್ಧಕ್ಕೆ ಬಿಟ್ಟು ಮೂವರೂ ಜೀಪು ಹತ್ತಿದರು. ಮಡಿವಾಳದ ಕೆರೆಯಲ್ಲಿ ಹೆಣ ಬಿದ್ದಾಗಲೆಲ್ಲ ಠಾಣೆಯವರು ಕರೆಸುತ್ತಿದ್ದುದು ಪಿಳ್ಳಪ್ಪನನ್ನೇ, ಹಾಗಾಗಿ ಅವನ ಮನೆ ಅರೆಕೆರೆಯಲ್ಲಿ ಎಂಬುದು ಉಗ್ರಪ್ಪನಿಗೆ ಗೊತ್ತಿತ್ತು. ಬನ್ನೇರುಘಟ್ಟ ರಸ್ತೆಯ ಉದ್ದಕ್ಕೂ ಸೇತುರಾಮರು ಗಡಿಯಾರ ನೋಡುತ್ತಿದ್ದರು.

ಹನ್ನೊಂದೂಕಾಲು. ಮನೆಗೆ ಬೀಗ. ಎದುರಿನ ಜಗಲಿಯಲ್ಲಿದ್ದ ಮುದುಕಿ, "ಊರ ಬಾವಿ ಹತ್ರ ಹೋಗ್ರಪ್ಪ. ಸೋಮವಾರ ಲಾರೀಲಿ ಮಣ್ಣು ತಂದು ಮುಚ್ತಾರಂತೆ, ಅದಕ್ಕೆ ಇವತ್ತೇ ಇಳೀತೀನಿ ಅಂದ," ಎಂದಳು.

ಬಾವಿಕಟ್ಟೆಯ ಮೇಲೆ ಪಿಳ್ಳಪ್ಪನ ನಾದಿನಿ ಮೀನಾಕ್ಷಮ್ಮ ಹಗ್ಗ ಹಿಡಿದು ಕೂತಿದ್ದಳು. ಕೆಳಗೆ ಹಸಿರು ನೀರಿನಲ್ಲಿ ಗುಳ್ಳೆಗಳು ಏಳುತ್ತಿದ್ದವು.

"ಎಷ್ಟು ಹೊತ್ತಾಯ್ತಮ್ಮ?"

"ಒಂದು ಎಲೆಅಡಿಕೆ ಹಾಕ್ಕೊಳ್ಳೋ ಅಷ್ಟು. ಜಗ್ಗಿದ್ರೆ ಎಳಿ ಅಂದವ್ರೆ ಭಾವ."

ಆಗಲೇ ಹಗ್ಗ ಎರಡು ಸಲ ಜಗ್ಗಿತು. ಅವಳು ಎಳೆಯಹೋದಳು, ಉಗ್ರಪ್ಪ ಹಗ್ಗಕ್ಕೆ ಕೈ ಹಾಕಿ ತಡೆದ. ಹಗ್ಗ ಭಾರವಾಗಿತ್ತು. ಗುಳ್ಳೆಗಳು ನಿಂತುಹೋಗಿದ್ದವು.

"ಕಟ್ಟಿಬಿಟ್ಟ," ಎಂದರು ಸೇತುರಾಮರು. "ಎಳೀಬೇಡಿ. ಎಷ್ಟು ಹೊತ್ತು ಕಟ್ತಾನೆ, ಬಿಡ್ಲೇಬೇಕು. ಬಿಡ್ಲಿ."

ಅಷ್ಟು ಹೊತ್ತು ಉಗ್ರಪ್ಪ ಜೀವನದಲ್ಲಿ ಕಾದಿರಲಿಲ್ಲ. ಪಿಳ್ಳಪ್ಪ ಮತ್ತೆ ಜಗ್ಗಿದ, ಸಿಟ್ಟಿನಿಂದ ಎಂಬಂತೆ. ಯಾರೂ ಎಳೆಯಲಿಲ್ಲ. ಕೊನೆಗೆ ಬುಳಬುಳನೆ ಗುಳ್ಳೆ ಎದ್ದವು.

"ಈಗ ಒಂದು ಮಾರು. ಒಂದೇ ಮಾರು. ನಿಲ್ಸಿ."

ಒಂದು ಮಾರು ಎಳೆಯುವುದು, ಗುಳ್ಳೆಗೆ ಕಾಯುವುದು, ಬಂದ ಮೇಲೆ ಇನ್ನೊಂದು ಮಾರು. ಇನ್ಸ್‌ಪೆಕ್ಟರ್ ಟೋಪಿ ತೆಗೆದಿಟ್ಟು ಹಿಂದಿನಿಂದ ಹಗ್ಗ ಹಿಡಿದರು. ಐದು ಮಾರಿಗೆ ತಲೆ ಕಾಣಿಸಿತು. ಪಿಳ್ಳಪ್ಪ ಬಾಯಿಂದ ಕೊಳವೆ ಕಿತ್ತು, "ಏನಮ್ಮಿ, ಎಳಿ ಅಂದ್ರೆ ಉಯ್ಯಾಲೆ ಆಡಿಸ್ತೀಯ," ಎಂದು ಬೈಯುತ್ತಲೇ ಮೇಲೆ ನೋಡಿದ. ಖಾಕಿ ಕಂಡು ಸುಮ್ಮನಾದ. ಅವನ ತೋಳಿನಲ್ಲಿ ಪಾಚಿ ಹಿಡಿದ ಹಿತ್ತಾಳೆ ಬಿಂದಿಗೆಯೊಂದಿತ್ತು.

ಕಟ್ಟೆಯ ಮೇಲೆ ಕೂತು ಅವನು ಮೊದಲು ಮಾಡಿದ ಕೆಲಸ, ಹೆಬ್ಬೆರಳಿಂದ ಬಿಂದಿಗೆಯ ಕೊರಳನ್ನು ಉಜ್ಜಿದ್ದು. ಚುಕ್ಕೆ ಚುಕ್ಕೆಯಾಗಿ ಕೊರೆದ ಹೆಸರು ಕಂಡಿತು: ಅಣ್ಣಮ್ಮ.

"ಯಾರು?" ಇನ್ಸ್‌ಪೆಕ್ಟರ್ ಕೇಳಿದರು.

"ನಮ್ಮನೇವ್ಳು ಸಾಮಿ. ತವರಲ್ಲಿ ಹೆಸ್ರು ಹೊಡೆಸಿ ಕೊಟ್ಟಿದ್ದು."

"ಯಾವಾಗ ಬಿತ್ತು?"

"ಏಳು ವರ್ಸ ಆಯ್ತು. ತೆಕ್ಕೊಡು ಅಂತಿದ್ಲು. ನಮ್ಮನೇದು ತಾನೇ, ನಾಳೆ ಇಳೀತೀನಿ ಅಂತಿದ್ದೆ. ಊರೋರ ಬಾವಿಗೆಲ್ಲ ಇಳಿದೆ. ಅವಳು ಹೋದ್ಲು. ಆಮೇಲೆ ನಂಗೆ ಉಬ್ಬಸ ಹತ್ಕೊಂತು, ಅರ್ಧಕ್ಕೇ ಉಸಿರು ಮುಗಿಯೋದು."

"ಬಂದು ಇನ್ನೊಂದು ಸಲ ಕೇಳೋದಲ್ವೇನೋ," ಎಂದರು ಸೇತುರಾಮರು.

"ಕೇಳಿದ್ನಲ್ಲ ಬುದ್ಧಿ. ನೀವೂ ಆಮೇಲೆ ಬಾ ಅಂದ್ರಿ." ಪಿಳ್ಳಪ್ಪನ ಮಾತಿನಲ್ಲಿ ಆರೋಪವಿರಲಿಲ್ಲ. "ಸಂಜೆಗೆ ತಂದಿಡ್ತಿದ್ದೆ. ಮೊಳೆಗೆ ಬೀಗದಕೈ ಹಾಕೇ ಬಂದಿದ್ದೆ."

ಮಧ್ಯಾಹ್ನ ಹನ್ನೆರಡು ಹತ್ತಕ್ಕೆ ದಸ್ತಗಿರಿ. ಜಪ್ತಿ ಪಂಚನಾಮೆಯಲ್ಲಿ ಉಗ್ರಪ್ಪ ಸಿಲಿಂಡರ್ ಒಂದು, ಕೊಳವೆ ಒಂದು, ಮುಖದ ಗಾಜು ಒಂದು ಎಂದು ಬರೆದು ಪೆನ್ನು ಎತ್ತಿದ.

"ಬಿಂದಿಗೆ ಸಾರ್?"

"ದೂರಿನಲ್ಲಿ ಬಿಂದಿಗೆ ಇದೆಯಾ?"

"ಇಲ್ಲ ಸಾರ್."

"ಮತ್ತೆ?"

ಸೇತುರಾಮರು ಯಂತ್ರದ ವಿವರ ಬರೆದಿಟ್ಟಿದ್ದ ತಮ್ಮ ಪುಟ್ಟ ನೋಟ್‌ಬುಕ್ ತೆಗೆದು ಸೀಸದ ಪಟ್ಟಿ ಎಂದಿದ್ದ ಕಡೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ 'ಕಲ್ಲು' ಎಂದು ಬರೆದರು. ಅದರ ಕೆಳಗೆ ಇನ್ನೊಂದು ಸಾಲು: 'ಉಸಿರು ಕಟ್ಟಬಾರದು. ಇದನ್ನು ಎಲ್ಲಕ್ಕಿಂತ ಮೊದಲು ಹೇಳುವುದು.' ದೂರು ವಾಪಸ್ ತೆಗೆದುಕೊಳ್ಳಬಹುದೇ ಎಂದು ಕೇಳಿದರು. ಅದು ಕೋರ್ಟಿನಲ್ಲಿ ಹೇಳುವ ಮಾತು, ಸೋಮವಾರ ಬಂದು ಹೇಳಿ ಎಂದರು ಇನ್ಸ್‌ಪೆಕ್ಟರ್.

ಜೀಪಿನ ಹಿಂದಿನ ಸೀಟಿನಲ್ಲಿ ಪಿಳ್ಳಪ್ಪ ಉಗ್ರಪ್ಪನ ಪಕ್ಕ ಕೂತ. ಬಿಂದಿಗೆ ತೊಡೆಯ ಮೇಲಿತ್ತು, ಅದರಲ್ಲಿ ಅರ್ಧ ನೀರು.

"ಚೆಲ್ಲಿಬಿಡೋ, ಭಾರ," ಎಂದ ಉಗ್ರಪ್ಪ.

"ಇರ್ಲಿ ಬಿಡಣ್ಣ. ಅವಳು ಸೇದೋಕೆ ಹೋದ ನೀರು."

ಹಳ್ಳದಿಣ್ಣೆಯ ರಸ್ತೆಯಲ್ಲಿ ಜೀಪು ಕುಲುಕಿದಾಗಲೆಲ್ಲ ಅವನು ಬಿಂದಿಗೆಯ ಬಾಯಿಗೆ ಅಂಗೈ ಮುಚ್ಚುತ್ತಿದ್ದ. ಠಾಣೆಯ ಬಾಗಿಲು ಬರುವವರೆಗೂ ಒಂದು ಹನಿ ಚೆಲ್ಲಲಿಲ್ಲ.