ಬಾಗಿಲಿಗೆ ಸಿಕ್ಕ ಬೆರಳು

ಬೋರ್ಡಿನವನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ಫ್ಯಾಕ್ಟರಿ ಗೇಟಿನ ಬಳಿ ಸ್ಟೂಲು ಹತ್ತಿ, ‘ಅಪಘಾತವಿಲ್ಲದ ದಿನಗಳು’ ಎಂಬ ಬೋರ್ಡಿನಲ್ಲಿ ಅಂಕಿ ಬದಲಿಸುವುದು, ಇಳಿಯುವಾಗ ನನ್ನತ್ತ ನೋಡಿ ನಗುವುದು. ಇಷ್ಟಕ್ಕೊಂದು ಸಂಬಳವೇ ಎಂದು ನಾನು ಮೂಗು ಮುರಿಯುತ್ತಿದ್ದೆ.

ಬೋರ್ಡು 296 ತೋರಿಸುತ್ತಿದ್ದ ದಿನ ಪ್ಯಾಕಿಂಗ್ ಮೆಷಿನ್ನಿನ ಕಾದ ಪಟ್ಟಿಗೆ ಸಿಕ್ಕಿ ನನ್ನ ಬಲಗೈಯ ಎರಡು ಬೆರಳು ಸುಟ್ಟವು. ತುಟಿಪಿಟಕ್ಕೆನ್ನಲಿಲ್ಲ. ಮುನ್ನೂರು ಮುಟ್ಟಿದರೆ ಇಡೀ ಲೈನಿಗೆ ಒಂದು ದಿನ ರಜೆ. ಗಾಯ ಬರೆಸಿದ ಕಾಂಟ್ರ್ಯಾಕ್ಟಿನವರಿಗೆ ಮರುತಿಂಗಳಿಂದ ಕಾಯಂ ರಜೆ. ನಾನು ಕಾಂಟ್ರ್ಯಾಕ್ಟಿನವಳು. ಗ್ಲೌಸ್ ಏರಿಸಿ, ಹಲ್ಲು ಕಚ್ಚಿ ಶಿಫ್ಟ್ ಮುಗಿಸಿದೆ.

ಸಂಜೆ ಗೇಟಿನಲ್ಲಿ ಅವನು ಅಡ್ಡ ನಿಂತ. ಊಟದ ಡಬ್ಬಿ ಇವತ್ತು ಎಡಗೈಗೆ ಬಂದಿದೆಯಲ್ಲ ಎಂದು ಕೇಳಿದ. ನನ್ನ ಡಬ್ಬಿ ಯಾವ ಕೈಯಲ್ಲಿರುತ್ತದೆ ಎಂಬ ಲೆಕ್ಕ ಇವನಿಗ್ಯಾಕೆ? ಸಿಟ್ಟು ಬಂತು. ಕೆನ್ನೆಯೂ ಬಿಸಿಯಾಯಿತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಮನೇಲಿ ಬಾಗಿಲಿಗೆ ಸಿಕ್ತು," ಎಂದೆ.

"ಇಲ್ಲಿ ಎಲ್ಲರ ಬೆರಳೂ ಮನೆ ಬಾಗಿಲಿಗೇ ಸಿಗುತ್ತೆ," ಎಂದ ಅವನು. "ಬರೆಸ್ತೀರಾ?"

"ಬರೆದ್ರೆ ನಿಮ್ಮ ಮುಖ ನೋಡಲ್ಲ."

"ಈಗೇನು ನೋಡ್ತಿದೀರಾ?"

ಮಾರನೆಯ ಬೆಳಿಗ್ಗೆ ಬೋರ್ಡಿನಲ್ಲಿ ಅಂಕಿಯೇ ಇರಲಿಲ್ಲ. ನನ್ನ ಮೆಷಿನ್ನನ್ನೂ ನಿಲ್ಲಿಸಿದ್ದರು. ಕೊಟ್ಟೇಬಿಟ್ಟ ನನ್ನ ಹೆಸರು, ಎಂದು ಅವನಿಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕಿದೆ.

ಆದರೆ ಕ್ಯಾಂಟೀನಿನಲ್ಲಿ, ರಜೆ ತಪ್ಪಿಸಿದನೆಂದು, ಬೈಗುಳವೆಲ್ಲ ಅವನ ಮೇಲಿತ್ತು. ಲೈನಿನ ಹಿರಿಯಕ್ಕ ಹಲ್ಲು ಕಡಿಯುತ್ತ ಹೇಳಿದಳು: ಎಂಟು ತಿಂಗಳ ಹಿಂದೆ, ನಾನು ಸೇರುವ ಮೊದಲು, ಅದೇ ಮೆಷಿನ್ನು ಅವನ ಬೆರಳ ತುದಿ ತಿಂದಿತ್ತಂತೆ. ಬಾಗಿಲಿಗೆ ಸಿಕ್ತು ಎಂದು ಬಾಯಿ ಮುಚ್ಚಿಕೊಂಡಿದ್ದಕ್ಕೆ ಬೋರ್ಡಿನ ಕೆಲಸ ಸಿಕ್ಕಿತಂತೆ. ಈಗ ಅದನ್ನೆಲ್ಲ ಬರೆದುಕೊಟ್ಟು, ಈ ಅಂಕಿ ಸುಳ್ಳು ಎಂದು ಕಿತ್ತುಹಾಕಿದ್ದಾನೆ. ನನ್ನ ಸುದ್ದಿಯನ್ನು ಅವನು ಎತ್ತಿರಲೇ ಇಲ್ಲ.

ಅವನು ಮೂಲೆಯ ಮೇಜಿನಲ್ಲಿ ಒಬ್ಬನೇ ಇದ್ದ. ಅಕ್ಕಪಕ್ಕದ ಕುರ್ಚಿಗಳನ್ನೂ ಎಳೆದುಕೊಂಡು ಹೋಗಿದ್ದರು. ನಾನೊಂದು ಕುರ್ಚಿ ತಂದು ಅವನೆದುರು ಕುಳಿತೆ. ಗ್ಲೌಸ್ ಬಿಚ್ಚಿ, ಅವನ ಮೊಂಡು ಬೆರಳಿನ ಪಕ್ಕ ನನ್ನ ಕೈಯಿಟ್ಟೆ. ಇಡೀ ಲೈನು ನಮ್ಮನ್ನೇ ದುರುಗುಟ್ಟಿಕೊಂಡು ನೋಡುತ್ತಿತ್ತು.

"ಬರ್ಕೊಳ್ಳಿ. ಬಾಗಿಲಲ್ಲ, ಮೆಷಿನ್ನು."

"ಕೆಲಸ ಹೋಗುತ್ತೆ."

"ಹೋಗ್ಲಿ. ಡಬ್ಬಿ ಯಾವ ಕೈಯಲ್ಲಿದೆ ಅಂತ ನೋಡೋಕೆ ನೀವಿದ್ರೆ ಸಾಕು."

ಅವನು ಪೆನ್ನು ತೆಗೆದ. ನನ್ನ ಹೆಸರು ಕೇಳದೆಯೇ ಬರೆದ.