ಕಹಿ ಸೋಸುವ ಕುರ್ಚಿ

ಕುರ್ಚಿ ಗುಂಯ್ ಎಂದು ನಿಂತಿತು. ಗದಗಿನ ಬಸವಣ್ಣೆಪ್ಪನವರು ಎದ್ದು, ಊರುಗೋಲನ್ನು ಅಲ್ಲೇ ಬಿಟ್ಟು, ನಗುತ್ತ ನಾಲ್ಕು ಹೆಜ್ಜೆ ನಡೆದು, ನಗುತ್ತಲೇ ಬಿದ್ದರು. ಪ್ರವಾಸದಲ್ಲಿ ಹತ್ತಿದ ಮಂಡಿನೋವಿನ ನೆನಪು ಹೋಗಿತ್ತು. ಮಂಡಿನೋವು ಇದ್ದಲ್ಲೇ ಇತ್ತು.

2061ರಲ್ಲಿ ಹುಬ್ಬಳ್ಳಿಯಿಂದ ನಾರ್ವೆಗೆ ಹೋದ ಹದಿನೆಂಟು ಜನರ ಗುಂಪು, ಹನ್ನೆರಡು ದಿನ ಮುಗಿಸಿ ಅಲ್ಲಿನ ವಿಮಾನ ನಿಲ್ದಾಣದಲ್ಲಿ ಕೂತಿತ್ತು. ಊರು ಸೇರುವ ಅವಸರ, ಬಿಟ್ಟುಹೋಗುವ ಸಂಕಟ, ಒಬ್ಬರ ಮೇಲೊಬ್ಬರ ಸಿಟ್ಟು, ಎಲ್ಲ ಒಂದೇ ಮುಖದ ಮೇಲೆ. ಇಂಥ ಮುಖ ಹೊತ್ತು ಹೋದವರು ಮತ್ತೆ ಬರುವುದಿಲ್ಲವೆಂದು ಪ್ರವಾಸದ ಕಂಪನಿ ಕಂಡುಕೊಂಡಿತ್ತು. ಅದಕ್ಕೇ ಈ 'ಕಹಿಶೋಧಕ' ಕುರ್ಚಿ. ಪ್ರವಾಸದ ನೆನಪಿನ ಎಳೆಗಳನ್ನು ಒಂದೊಂದಾಗಿ ಓದಿ, ಕಹಿಯನ್ನು ಅಳಿಸಿ, ಸಿಹಿಯನ್ನಷ್ಟೇ ಉಳಿಸುತ್ತಿತ್ತು.

"ಎರಡೂ ಕೂಡಿದ್ದ ಎಳಿ?" ಎಂದರು ಮಹಾನಂದಾ ಟೀಚರ್. ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಉತ್ತರ ಸಿಗದೆ ಬಿಡುವವರಲ್ಲ.

"ಅದು ಅಪರೂಪ ಮೇಡಂ," ಎಂದರು ಯಂತ್ರ ಕಂಡುಹಿಡಿದ ಡಾ. ಕಿಣಿ. "ಒಂದು ಹನಿ ಕಹಿ ಕಂಡರೂ ಇಡೀ ಎಳೆ ಹೋಗುತ್ತೆ."

"ಹಂಗಾರ ನಾ ಕೂಡಂಗಿಲ್ಲ."

"ಎಲ್ಲರೂ ಕೂತ್ಕೊಳ್ತಿದ್ದಾರೆ, ಮೇಡಂ."

"ಕೂಡಲಿ ಬಿಡ್ರಿ. ನನ್ನ ಜಗಳ ನಂದು. ನಾ ಊರಿಗೆ ಒಯ್ಯಾಕಿ."

ಆ ಜಗಳದ ಇನ್ನರ್ಧ ನೀಲಕ್ಕನದು. ಇಬ್ಬರದೂ ಒಂದೇ ಕೋಣೆ. ಹೊರಡುವಾಗಲೇ ಹಂಚಿಕೊಂಡಿದ್ದರು: ಕಟಕ ರೊಟ್ಟಿ ನೀಲಕ್ಕನದು, ಶೇಂಗಾ ಚಟ್ನಿಪುಡಿ ಟೀಚರದು. ಚಟ್ನಿಗೆ ಉಪ್ಪು ಹೆಚ್ಚೆಂದು ನೀಲಕ್ಕ, ರೊಟ್ಟಿ ಕಲ್ಲೆಂದು ಟೀಚರ್. ಪ್ರತಿ ಜಗಳದ ಕೊನೆಗೆ ಇಬ್ಬರಿಗೂ ಇನ್ನೊಂದು ರೊಟ್ಟಿ. ಹಿಮದಲ್ಲಿ ಟೀಚರ ಪಾದ ಮರಗಟ್ಟಿದಾಗ ಬೈಯುತ್ತಲೇ ತಿಕ್ಕಿ ಬಿಸಿ ಮಾಡಿದವಳೂ ನೀಲಕ್ಕನೇ.

ಟೀಚರ್ ಅವಳ ಕೈ ಹಿಡಿದರು. "ಬ್ಯಾಡ್ರಿ ನೀಲಕ್ಕ."

"ಬಿಡ್ರಿ! ನಿಮ್ಮ ಗೊರಕಿ ಊರತನಕಾ ಹೊರಲೇನು?" ನಕ್ಕು ಕೂತೇಬಿಟ್ಟಳು.

ಗುಂಯ್.

ಎದ್ದು ಬಂದವಳು ಟೀಚರಿಗೆ ಕೈಮುಗಿದಳು. "ನಮಸ್ಕಾರ್ರಿ. ನೀವೂ ಹುಬ್ಬಳ್ಳಿ ಕಡಿಯವರೇನು?"

ಸುತ್ತಲೂ ಇದೇ ನಡೆದಿತ್ತು. ಹದಿನೇಳು ಜನ ಪರಸ್ಪರ ಹೆಸರು ಕೇಳುತ್ತಿದ್ದರು. ಹಿಮಬೆಟ್ಟಗಳು ಎಲ್ಲರಿಗೂ ನೆನಪಿದ್ದವು. ಆ ನೆನಪಿನ ಬೆಟ್ಟಗಳ ಮೇಲೆ ಮನುಷ್ಯರಿರಲಿಲ್ಲ. ಹನ್ನೆರಡು ದಿನದಲ್ಲಿ ಒಬ್ಬರಿಗೊಬ್ಬರು ಕಿರಿಕಿರಿ ಮಾಡದವರು ಗುಂಪಿನಲ್ಲಿ ಒಬ್ಬರೂ ಇರಲಿಲ್ಲ.

ಡಾ. ಕಿಣಿ ಬೆವರು ಒರೆಸಿಕೊಂಡರು. "ಯಂತ್ರದಲ್ಲಿ ತಪ್ಪಿಲ್ಲ... ನೀವೂ ಕೂತುಬಿಡಿ, ಮೇಡಂ. ಒಬ್ಬರೇ ನೆನಪಿಟ್ಟುಕೊಂಡು ಸಂಕಟಪಡ್ತೀರಿ."

"ಪಡತೀನಿ," ಎಂದು ಟೀಚರ್ ಚೀಲ ಎತ್ತಿಕೊಂಡರು.

ವಿಮಾನದಲ್ಲಿ ನೀಲಕ್ಕ ಪಕ್ಕದಲ್ಲೇ ಕೂತು ಗಂಟು ಬಿಚ್ಚಿದಳು. ಉಳಿದ ನಾಲ್ಕು ರೊಟ್ಟಿ ನೋಡಿ ತನ್ನಷ್ಟಕ್ಕೇ ಗೊಣಗಿದಳು: "ಇದೇನ್ ಹುಚ್ಚಿ ನಾ! ಬರೇ ರೊಟ್ಟಿ ಕಟ್ಟಿಕೊಂಡು ಬಂದೀನಿ. ಚಟ್ನಿ ಹೆಂಗ ಮರತೆ?"

ಟೀಚರ್ ತಮ್ಮ ಚಟ್ನಿಪುಡಿ ಡಬ್ಬಿಯ ಮುಚ್ಚಳ ತೆಗೆದು ಮುಂದೆ ಹಿಡಿದರು.

ನೀಲಕ್ಕ ಸಂಕೋಚದಿಂದ ಒಂದು ತುಣುಕಿಗೆ ಹಚ್ಚಿಕೊಂಡು ಬಾಯಿಗಿಟ್ಟಳು. ಅಗಿದಳು. ಹುಬ್ಬು ಗಂಟಾಯಿತು.

"ತಪ್ಪು ತಿಳಕೋಬ್ಯಾಡ್ರಿ... ಉಪ್ಪು ಜಾಸ್ತಿ ಆಗೇದ."

ಟೀಚರ ಕಣ್ಣು ಒದ್ದೆಯಾದವು. ಸೀಟಿನಲ್ಲಿ ನೆಟ್ಟಗೆ ಕೂತರು. ಊರು ಇನ್ನೂ ಹನ್ನೊಂದು ತಾಸು ದೂರವಿತ್ತು.

"ಉಪ್ಪಿನ ಮಾತು ಆಮ್ಯಾಲೆ. ಮೊದಲ ಇದು ರೊಟ್ಟಿಯೋ, ಹಂಚೋ, ಅದನ್ನ ಹೇಳ್ರಿ!"